ಶಾಲು ಹೊದಿಸಿದರೆ ತೀರದ ಋಣ

ಮದ್ರಸದ ವಾರ್ಷಿಕೋತ್ಸವಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ವೇದಿಕೆಯ ಮೇಲೆ ಜಮಾಅತಿನ ಪದಾಧಿಕಾರಿಗಳು, ಊರಿನ ಗಣ್ಯರು, ಗಲ್ಫ್‌ನಿಂದ ರಜೆಯಲ್ಲಿ ಬಂದ ದಾನಿಗಳು ಸಾಲಾಗಿ ಕುಳಿತಿರುತ್ತಾರೆ. ಮಕ್ಕಳ ದಫ್ ಮತ್ತು ಭಾಷಣಗಳ ನಡುವೆ ಉಸ್ತಾದರ ಹೆಸರನ್ನು ಕೂಗಲಾಗುತ್ತದೆ. ಸಭೆಯ ಹಿಂಬದಿಯಲ್ಲಿ ಮಕ್ಕಳನ್ನು ಸುಮ್ಮನಿರಿಸುತ್ತಿದ್ದ ಅವರು ಸಂಕೋಚದಿಂದ ಮೇಲೆ ಬರುತ್ತಾರೆ. ಶಾಲು ಹೊದಿಸಲಾಗುತ್ತದೆ, ಸ್ಮರಣಿಕೆ ಕೊಡಲಾಗುತ್ತದೆ, ಉಸ್ತಾದರು ಸಮುದಾಯದ ದಾರಿದೀಪವೆಂದು ಯಾರೋ ಹೇಳುತ್ತಾರೆ. ನಾವೆಲ್ಲರೂ ಮಾಷಾ ಅಲ್ಲಾಹ್ ಎನ್ನುತ್ತೇವೆ. ಕೃತಜ್ಞತೆಯ ಕಾರ್ಯ ಮುಗಿಯಿತೆಂಬ ತೃಪ್ತಿಯಿಂದ ಮನೆಗೆ ಮರಳುತ್ತೇವೆ.

ಹಲವು ವರ್ಷಗಳ ಹಿಂದೆ ನಮ್ಮ ಮಹಲ್ಲಿನಲ್ಲಿಯೂ ಇಂತಹ ಒಂದು ಸನ್ಮಾನ ನಡೆಯಿತು. ಸನ್ಮಾನಿತರು ನಮಗೆ ಅಲಿಫ್ ಕಲಿಸಿದವರು, ಅನಂತರ ನಮ್ಮ ಮಕ್ಕಳಿಗೂ ಕಲಿಸಿದವರು. ಮರುವಾರ ಅವರು ಕಮಿಟಿಯ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಎರಡು ತಿಂಗಳ ಸಂಬಳ ಬಾಕಿಯಿತ್ತು. ಮಗಳ ಹೆರಿಗೆಗೆ ಹಣ ಬೇಕಿತ್ತು. ಮುಂದಿನ ಜುಮಾ ಕಳೆಯಲಿ ಉಸ್ತಾದರೇ ಎಂದು ಹೇಳಿ ಅವರನ್ನು ಕಳುಹಿಸಲಾಯಿತು. ಅದೇ ಶನಿವಾರ ಸಂಜೆ, ಮಸೀದಿಯ ಹೊಸ ಮಿನಾರಿನ ಕೆಲಸ ಮಾಡುತ್ತಿದ್ದ ಮೇಸ್ತ್ರಿಗೂ ಅವರ ಆಳುಗಳಿಗೂ ವಾರದ ಬಟವಾಡೆ ಒಂದು ರೂಪಾಯಿಯೂ ಕಡಿಮೆಯಾಗದೆ ಆಯಿತು. ಮೇಸ್ತ್ರಿ ಕೆಲಸ ನಿಲ್ಲಿಸಿಬಿಟ್ಟಾರೆಂಬ ಭಯ ನಮಗಿತ್ತು. ಉಸ್ತಾದರು ನಿಲ್ಲಿಸಲಾರರೆಂಬ ಧೈರ್ಯವೂ ಇತ್ತು. ಲೆಕ್ಕದ ಪುಸ್ತಕದಲ್ಲಿ ಆ ಬಟವಾಡೆಯನ್ನೂ ಆ ಬಾಕಿಯನ್ನೂ ಬರೆದ ಕೈ ನಮ್ಮದೇ. ಆದುದರಿಂದ ಈ ಬರಹ ಬೇರೆಯವರ ಮೇಲೆ ಹೊರಿಸುವ ಆರೋಪವಲ್ಲ. ಅಪರಾಧಿಗಳ ಸಾಲಿನಲ್ಲಿ ನಿಂತೇ ನಾವು ಮಾತನಾಡುತ್ತಿದ್ದೇವೆ.

ನಾವು ಹೇಳಬಯಸುವುದು ಇಷ್ಟೇ. ಗುರುವಿನ ಋಣವೆಂಬುದು ನಮ್ಮ ದೀನಿನಲ್ಲಿ ಬರಿಯ ಭಾವನೆಯಲ್ಲ, ಅದು ಹಕ್ಕು. ಹಕ್ಕನ್ನು ಹೊಗಳಿಕೆಯಿಂದ ತೀರಿಸಲು ಬರುವುದಿಲ್ಲ.

ಶುಕ್ರ್ ಎಂಬುದಕ್ಕೆ ವಿದ್ವಾಂಸರು ಮೂರು ನೆಲೆಗಳನ್ನು ಹೇಳಿದ್ದಾರೆ: ಹೃದಯದಿಂದ ಉಪಕಾರವನ್ನು ಒಪ್ಪಿಕೊಳ್ಳುವುದು, ನಾಲಿಗೆಯಿಂದ ಅದನ್ನು ಹೇಳುವುದು, ಅಂಗಾಂಗಗಳಿಂದ ಅದಕ್ಕೆ ತಕ್ಕಂತೆ ನಡೆಯುವುದು. ಪವಿತ್ರ ಕುರ್‌ಆನ್ ದಾವೂದ್(ಅ)ರ ಮನೆತನದವರಿಗೆ ಕೃತಜ್ಞತೆಯನ್ನು ಕರ್ಮವಾಗಿ ಸಲ್ಲಿಸಲು ಆದೇಶಿಸಿರುವುದು ಸಬಅ್ ಅಧ್ಯಾಯದಲ್ಲಿದೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂಬ ಆಶಯದ ಪ್ರವಾದಿ ವಚನವನ್ನು ಅಬೂ ದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಈ ಹದೀಸನ್ನು ನಮ್ಮ ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಆದರೆ ಮೂರು ನೆಲೆಗಳಲ್ಲಿ ನಡುವಿನದನ್ನು, ಅಂದರೆ ಅತ್ಯಂತ ಅಗ್ಗವಾದುದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಮ್ಮ ಪೂರ್ವಿಕರ ರೀತಿ ಹೀಗಿರಲಿಲ್ಲ. ಪ್ರವಾದಿ(ಸ)ರ ಚಿಕ್ಕಪ್ಪನ ಮಗನಾದ ಇಬ್ನು ಅಬ್ಬಾಸ್(ರ)ರು ಝೈದ್ ಬಿನ್ ಸಾಬಿತ್(ರ)ರ ಸವಾರಿಯ ರಿಕಾಪನ್ನು ಹಿಡಿದು ನಿಂತ ವೃತ್ತಾಂತ ಪ್ರಸಿದ್ಧವಾಗಿದೆ. ವಂಶದ ಹಿರಿಮೆಯುಳ್ಳವರು ಜ್ಞಾನದ ಹಿರಿಮೆಯ ಮುಂದೆ ಬಾಗಿದ ಗಳಿಗೆ ಅದು. ಇಮಾಮ್ ಅಬೂ ಹನೀಫಾ(ರ)ರು ತಮ್ಮ ಗುರುಗಳಾದ ಹಮ್ಮಾದ್ ಬಿನ್ ಅಬೂ ಸುಲೈಮಾನ್(ರ)ರಿಗಾಗಿ ಹೆತ್ತವರೊಂದಿಗೆ ಸೇರಿಸಿ ದುಆ ಮಾಡುತ್ತಿದ್ದರು. ಮಗನಿಗೂ ಹಮ್ಮಾದ್ ಎಂದೇ ಹೆಸರಿಟ್ಟರು. ಇಷ್ಟು ನಮ್ಮ ವಾಗ್ಮಿಗಳಿಗೆ ಬಾಯಿಪಾಠವಿದೆ. ಇದರ ಮುಂದಿನ ಭಾಗ ಮಾತ್ರ ವೇದಿಕೆಗಳಲ್ಲಿ ಕೇಳಿಬರುವುದಿಲ್ಲ. ಆ ಮಗ ಹಮ್ಮಾದ್ ಸೂರಃ ಫಾತಿಹಾ ಕಲಿತಾಗ ಇಮಾಮರು ಅವನ ಅಧ್ಯಾಪಕರಿಗೆ ಹಣ ಕಳುಹಿಸಿದರು. ಐನೂರು ದಿರ್ಹಮ್ ಎಂದು ಒಂದು ವರದಿ, ಸಾವಿರವೆಂದು ಇನ್ನೊಂದು. ಇಷ್ಟೊಂದು ಪಡೆಯಲು ತಾನೇನು ಮಾಡಿದೆನೆಂದು ಅಧ್ಯಾಪಕರೇ ಬೆರಗಾದರು. ನನ್ನ ಮಗನಿಗೆ ನೀವು ಕಲಿಸಿದುದನ್ನು ಕಡೆಗಣಿಸಬೇಡಿರಿ, ಇದಕ್ಕಿಂತ ಹೆಚ್ಚಿದ್ದಿದ್ದರೆ ಅದನ್ನೂ ಕೊಡುತ್ತಿದ್ದೆನೆಂಬುದು ಇಮಾಮರ ಉತ್ತರದ ಸಾರ. ಬಟ್ಟೆಯ ವ್ಯಾಪಾರಿಯಾಗಿದ್ದ ಅವರಿಗೆ ಬೆಲೆ ಕಟ್ಟುವುದು ಗೊತ್ತಿತ್ತು. ಏಳು ಸೂಕ್ತಗಳ ಒಂದು ಸೂರಕ್ಕೆ ಅವರು ಕಟ್ಟಿದ ಬೆಲೆ ಅದು. ನಮ್ಮ ಮಗ ಫಾತಿಹಾ ಕಲಿತ ದಿನ ನಾವು ಏನು ಮಾಡಿದೆವು? ಮೊಬೈಲಿನಲ್ಲಿ ಚಿತ್ರೀಕರಿಸಿ ಸ್ಟೇಟಸ್ ಹಾಕಿದೆವು.

ಇದು ಒಬ್ಬ ಇಮಾಮರ ಉದಾರತೆಯ ಮಾತಷ್ಟೇ ಆಗಿದ್ದರೆ ಅಪವಾದವೆಂದು ತಳ್ಳಿಹಾಕಬಹುದಿತ್ತು. ಹಝ್ರತ್ ಉಮರ್(ರ)ರ ಕಾಲದಲ್ಲಿ ಮದೀನಾದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಮೂವರು ಅಧ್ಯಾಪಕರಿದ್ದರೆಂದೂ ಅವರಲ್ಲಿ ಪ್ರತಿಯೊಬ್ಬರಿಗೆ ಖಲೀಫರು ತಿಂಗಳಿಗೆ 15 ದಿರ್ಹಮ್ ಕೊಡುತ್ತಿದ್ದರೆಂದೂ ಇಬ್ನು ಅಬೀ ಶೈಬ(ರ)ರ ಸಂಗ್ರಹದಲ್ಲಿ ವರದಿಯಿದೆ. ಮೊತ್ತ, ಅವಧಿ, ಕೊಡುವ ಹೊಣೆಗಾರ ಎಲ್ಲವೂ ನಿಶ್ಚಿತ. ತೇಪೆ ಹಾಕಿದ ಅಂಗಿ ತೊಡುತ್ತಿದ್ದ ಖಲೀಫರು ಅಧ್ಯಾಪಕರನ್ನೂ ತೇಪೆಯಲ್ಲಿಯೇ ಇಡೋಣವೆಂದು ಯೋಚಿಸಲಿಲ್ಲ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ತಪ್ಪದೆ ಏಳುತ್ತದೆ. ದೀನೀ ಸೇವೆಗೆ ಸಂಬಳದ ಲೆಕ್ಕವೇಕೆ? ಉಸ್ತಾದರು ಇಖ್ಲಾಸಿನಿಂದ ಕಲಿಸಬೇಕು, ಪ್ರತಿಫಲವನ್ನು ಅಲ್ಲಾಹನಲ್ಲಿ ನಿರೀಕ್ಷಿಸಬೇಕು ಎಂಬುದು ಆ ಮಾತು. ಹೇಳುವವರು ಸಾಮಾನ್ಯವಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾರೆ. ಕುರ್‌ಆನ್ ಕಲಿಸಿದುದಕ್ಕಾಗಿ ದೊರೆತ ಬಿಲ್ಲನ್ನು ಸ್ವೀಕರಿಸುವ ಬಗ್ಗೆ ಉಬಾದಾ ಬಿನ್ ಸ್ವಾಮಿತ್(ರ)ರಿಗೆ ಎಚ್ಚರಿಕೆ ದೊರೆತ ಹದೀಸನ್ನು ಉದ್ಧರಿಸುವವರೂ ಇದ್ದಾರೆ. ಅಲ್ಲಾಹನ ಗ್ರಂಥದ ಮೇಲೆ ಪಡೆಯುವ ಪ್ರತಿಫಲವು ಅತ್ಯಂತ ಅರ್ಹವಾದುದೆಂಬ, ಇಬ್ನು ಅಬ್ಬಾಸ್(ರ)ರಿಂದ ಬುಖಾರಿಯಲ್ಲಿ ಬಂದಿರುವ ಹದೀಸನ್ನು ಅವರು ಜೊತೆಗೆ ಹೇಳುವುದಿಲ್ಲ. ಕರ್ಮಶಾಸ್ತ್ರ ಪಂಡಿತರು ಎರಡನ್ನೂ ಮುಂದಿಟ್ಟುಕೊಂಡೇ ವಿಚಾರ ಮಾಡಿದ್ದಾರೆ. ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಕಲಿಸುವುದಕ್ಕೆ ವೇತನ ಅನುವದನೀಯ. ಘಟ್ಟದ ಮೇಲಿನ ನಮ್ಮ ಸಹೋದರರ ಹನಫಿ ಮದ್‌ಹಬಿನ ಆದಿಕಾಲದ ಇಮಾಮರು ಅದನ್ನು ಒಪ್ಪಿರಲಿಲ್ಲ ಎಂಬುದು ನಿಜ. ಆದರೆ ಆಗ ಅಧ್ಯಾಪಕರಿಗೆ ಬೈತುಲ್ ಮಾಲಿನಿಂದ ಜೀವನಾಂಶ ಬರುತ್ತಿತ್ತು. ಅದು ನಿಂತುಹೋದಾಗ, ವೇತನವಿಲ್ಲದಿದ್ದರೆ ಕುರ್‌ಆನ್ ಕಲಿಸುವವರೇ ಇಲ್ಲವಾದಾರೆಂದು ಕಂಡ ನಂತರದ ಹನಫಿ ಪಂಡಿತರು ಅನುಮತಿಯ ಫತ್ವಾ ನೀಡಿದರು. ಬೈತುಲ್ ಮಾಲಿನ ಜೀವನಾಂಶವೂ ಇಲ್ಲ, ಜಮಾಅತಿನ ತಕ್ಕ ವೇತನವೂ ಇಲ್ಲ ಎಂಬ ಮೂರನೆಯ ದಾರಿಯನ್ನು ಯಾವ ಇಮಾಮರೂ ತೋರಿಸಿಲ್ಲ. ಅದು ನಮ್ಮ ಕಮಿಟಿಗಳ ಸ್ವಂತ ಇಜ್ತಿಹಾದ್.

ಇಖ್ಲಾಸಿನ ಈ ವಾದಕ್ಕೆ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಆಡಳಿತದಲ್ಲಿಯೇ ಉತ್ತರವಿದೆ. ಮರುಭೂಮಿಯ ಅಲೆಮಾರಿಗಳಿಗೆ ದೀನ್ ಕಲಿಸಲು ಅವರು ಯಝೀದ್ ಬಿನ್ ಅಬೂ ಮಾಲಿಕ್ ಮತ್ತು ಹಾರಿಸ್ ಎಂಬ ಇಬ್ಬರನ್ನು ಕಳುಹಿಸಿ ಇಬ್ಬರಿಗೂ ವೇತನ ಗೊತ್ತುಪಡಿಸಿದರು. ಯಝೀದ್ ಸ್ವೀಕರಿಸಿದರು, ಹಾರಿಸ್ ನಿರಾಕರಿಸಿದರು. ಸುದ್ದಿ ತಲುಪಿದಾಗ ಖಲೀಫರು, ಯಝೀದರು ಮಾಡಿದುದರಲ್ಲಿ ಯಾವ ತಪ್ಪೂ ಇಲ್ಲವೆಂದೂ, ಹಾರಿಸರಂತಹವರನ್ನು ಅಲ್ಲಾಹನು ಹೆಚ್ಚಿಸಲೆಂದೂ ಬರೆದರು. ವೇತನವನ್ನು ಬೇಡವೆನ್ನುವ ಹಕ್ಕು ಯಾರದಾಗಿತ್ತೆಂಬುದನ್ನು ಗಮನಿಸಿರಿ. ಅದು ಪಡೆಯುವವರ ಹಕ್ಕಾಗಿತ್ತು. ಕೊಡಬೇಕಾದವರು ಇಬ್ಬರಿಗೂ ಕೊಟ್ಟಿದ್ದರು. ಇಖ್ಲಾಸ್ ಎಂಬುದು ಉಸ್ತಾದರ ಮತ್ತು ಅಲ್ಲಾಹನ ನಡುವಿನ ವಿಷಯ. ಅದನ್ನು ಅವರ ಪರವಾಗಿ ನಾವು ಘೋಷಿಸಿ, ಅದರ ಉಳಿತಾಯವನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವುದು ಇಖ್ಲಾಸ್ ಅಲ್ಲ. ಕೂಲಿಯಾಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಕಲಿಸುವವರ ಕೂಲಿ ಅದರಿಂದ ಹೊರತೆಂದು ಎಲ್ಲಿಯೂ ಹೇಳಿಲ್ಲ.

ಎರಡನೆಯ ಆಕ್ಷೇಪ ಹಣದ್ದು. ಬಡ ಜಮಾಅತ್, ಮಾಸಿಕ ವಂತಿಗೆಯೇ ಸರಿಯಾಗಿ ಬರುವುದಿಲ್ಲ, ಎಲ್ಲಿಂದ ತರೋಣ ಎನ್ನುತ್ತಾರೆ. ನಿಜವಾಗಿ ಬಡತನದಲ್ಲಿರುವ ಮಹಲ್ಲುಗಳಿವೆ. ಅಲ್ಲಿ ಗಂಜಿಯನ್ನು ಹಂಚಿಕೊಳ್ಳುವಂತೆ ಕಷ್ಟವನ್ನೂ ಉಸ್ತಾದರೊಂದಿಗೆ ಹಂಚಿಕೊಳ್ಳುತ್ತಾರೆ. ಅವರ ಕುರಿತು ನಮ್ಮ ಮಾತಿಲ್ಲ. ಮಸೀದಿಯ ನೆಲಕ್ಕೆ ಅಮೃತಶಿಲೆ, ಹವಾನಿಯಂತ್ರಣ, ಸುತ್ತಲೂ ವರ್ಷವರ್ಷವೂ ಎತ್ತರವಾಗುವ ಗೇಟು, ಮತಪ್ರವಚನದ ರಾತ್ರಿಗಳಿಗೆ ಊರಿಡೀ ದೀಪಾಲಂಕಾರ, ದೂರದಿಂದ ಬರುವ ಭಾಷಣಗಾರರಿಗೆ ವಾಹನ ಮತ್ತು ಲಕೋಟೆ, ಇಷ್ಟೆಲ್ಲ ಸಾಧ್ಯವಾಗುವ ಜಮಾಅತುಗಳ ಕುರಿತು ನಾವು ಕೇಳುತ್ತಿದ್ದೇವೆ. ಒಂದು ರಾತ್ರಿಯ ಭಾಷಣಕ್ಕೆ ಸಿಗುವ ಗೌರವ, ವರ್ಷವಿಡೀ ಮುಂಜಾನೆ ನಮ್ಮ ಮಕ್ಕಳ ಉಚ್ಚಾರ ತಿದ್ದುವವರಿಗೆ ಏಕೆ ಸಿಗುವುದಿಲ್ಲ? ಅದೇ ಮಗುವಿನ ಶಾಲೆಯ ಶುಲ್ಕ, ವಾಹನದ ಶುಲ್ಕ, ಟ್ಯೂಷನ್ ಶುಲ್ಕ ಇವುಗಳನ್ನು ಸಾಲ ಮಾಡಿಯಾದರೂ ಕಟ್ಟುವ ನಾವು, ಮದ್ರಸದ ವಂತಿಗೆಯ ರಸೀದಿ ಪುಸ್ತಕ ಬಂದಾಗ ಮನೆಯಲ್ಲಿಲ್ಲ ಎಂದು ಹೇಳಿಸುತ್ತೇವೆ. ಆ ಪುಸ್ತಕ ಹಿಡಿದು ಬಂದವರೂ ಅನೇಕ ಕಡೆ ಉಸ್ತಾದರೇ. ತಮ್ಮ ಸಂಬಳವನ್ನು ತಾವೇ ಮನೆಮನೆಗೆ ತಿರುಗಿ ಕೂಡಿಸಬೇಕಾದ ನೌಕರಿ ಬೇರೆ ಯಾವುದಿದೆ?

ಕಟ್ಟಡ ಕಟ್ಟುವುದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ನಾಡಿನ ಬೀದರಿನಲ್ಲಿ ಬಹಮನಿ ವಝೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ಅರ್ಧ ಉಳಿದು ನಿಂತಿದೆ. ಅದರ ಮಿನಾರನ್ನೂ ಬಣ್ಣದ ಹೆಂಚುಗಳ ಕೆಲಸವನ್ನೂ ನೋಡಿ ಬರುತ್ತೇವೆ. ಆ ಮದ್ರಸದಲ್ಲಿ ಗ್ರಂಥಾಲಯದ ಜೊತೆಗೆ, ವಿದ್ಯಾರ್ಥಿಗಳ ಕೋಣೆಗಳ ಜೊತೆಗೆ, ಅಧ್ಯಾಪಕರ ವಾಸಕ್ಕೂ ಕೋಣೆಗಳಿದ್ದವು ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಕಟ್ಟಿಸಿದವರ ಮನಸ್ಸಿನಲ್ಲಿ ಕಟ್ಟಡವೂ ಇತ್ತು, ಅದರೊಳಗೆ ಬದುಕಬೇಕಾದ ಮನುಷ್ಯರೂ ಇದ್ದರು. ನಮ್ಮ ನಕಾಶೆಗಳಲ್ಲಿ ಮಿನಾರು ಉಳಿದಿದೆ. ಉಸ್ತಾದರಿಗೆ ಮೆಟ್ಟಿಲ ಕೆಳಗಿನ ಕೋಣೆ ಸಿಕ್ಕಿದೆ, ಹೆಂಡತಿ ಮಕ್ಕಳನ್ನು ಕರೆತರಲಾಗದ ಕೋಣೆ.

ಸರಕಾರ ಕೊಡುತ್ತದಲ್ಲ ಎನ್ನುವವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್ಟಿನಲ್ಲಿ, ಜೈನ ಅರ್ಚಕರು ಮತ್ತು ಸಿಖ್ಖರ ಮುಖ್ಯ ಗ್ರಂಥಿಗಳೊಂದಿಗೆ ಮಸೀದಿಗಳ ಪೇಶ್ ಇಮಾಮರಿಗೂ ಮಾಸಿಕ 6,000 ರೂಪಾಯಿ, ಮುಅಝ್ಝಿನರಿಗೆ 5,000 ರೂಪಾಯಿ ಗೌರವಧನವನ್ನು ಘೋಷಿಸಲಾಯಿತು. ಅದು ಗೌರವಧನ, ಸಂಸಾರ ಸಾಗಿಸುವ ವೇತನವಲ್ಲ. ಅದನ್ನು ನಾವು ಕೊಡಬೇಕಾದುದರಲ್ಲಿ ಮುರಿದುಕೊಂಡರೆ, ಉಪಕಾರವಾದದ್ದು ಇಮಾಮರಿಗಲ್ಲ, ನಮಗೆ. ಮೇಲಾಗಿ, ಮಕ್ಕಳಿಗೆ ಕಲಿಸುವುದಷ್ಟನ್ನೇ ಮಾಡುವ ಮುಅಲ್ಲಿಮರ ಹೆಸರು ಆ ಘೋಷಣೆಯಲ್ಲಿಲ್ಲ. ನೆರೆಯ ಕೇರಳದಲ್ಲಿ 2019ರಲ್ಲಿ ಮದ್ರಸ ಅಧ್ಯಾಪಕರ ಕ್ಷೇಮನಿಧಿಗಾಗಿ ಕಾಯ್ದೆಯೇ ಆಗಿದೆ. ಅಲ್ಲಿನ ಪಠ್ಯಕ್ರಮವನ್ನು ತರಿಸಿಕೊಂಡು ಕಲಿಸುವ ನಮ್ಮ ಕರಾವಳಿಯ ಮದ್ರಸಗಳಿಗೆ ಈ ಮಾದರಿಯನ್ನು ತರಿಸಿಕೊಳ್ಳಬೇಕೆಂದು ಏಕೆ ತೋಚಲಿಲ್ಲ?

ಮೂರನೆಯ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎಲ್ಲ ಉಸ್ತಾದರೂ ಕೃತಜ್ಞತೆಗೆ ಅರ್ಹರೇ? ಬೆತ್ತದಿಂದಲೇ ಕಲಿಸಿದವರಿಲ್ಲವೇ? ಪ್ರಶ್ನೆ ಕೇಳಿದ ಮಗುವನ್ನು ಎಲ್ಲರೆದುರು ಅವಮಾನಿಸಿದವರಿಲ್ಲವೇ? ಇದ್ದಾರೆ. ನಮ್ಮಲ್ಲಿ ಕೆಲವರ ಅಂಗೈಗೆ ಅದು ಇನ್ನೂ ನೆನಪಿದೆ. ಗುರುವಿಗೆ ಋಣಿಯಾಗಿರುವುದೆಂದರೆ ಗುರುವಿನ ತಪ್ಪಿಗೆ ಕಣ್ಣು ಮುಚ್ಚುವುದೆಂದಲ್ಲ. ಮಗುವಿನ ಮೇಲೆ ಕೈಯೆತ್ತುವವರನ್ನು ಉಸ್ತಾದರೆಂಬ ಕಾರಣಕ್ಕೆ ರಕ್ಷಿಸುವುದು ಮಗುವಿಗೆ ಎಸಗುವ ಅನ್ಯಾಯ, ಆ ಹುದ್ದೆಗೂ ಮಾಡುವ ಅವಮಾನ. ಆದರೆ ಒಂದು ಮಾತನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಕಡಿಮೆ ಸಂಬಳಕ್ಕೆ ಒಪ್ಪುವವರು ಯಾರೆಂದು ಮಾತ್ರ ನೋಡಿ ನೇಮಿಸಿಕೊಂಡು, ತರಬೇತಿಗೆ ಕಳುಹಿಸದೆ, ಅರುವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬಿ, ಅನಂತರ ಗುಣಮಟ್ಟವಿಲ್ಲವೆಂದು ದೂರುವುದು ಯಾವ ನ್ಯಾಯ? ನಮ್ಮ ಪ್ರತಿಭಾವಂತ ಮಗ ಉಸ್ತಾದನಾಗಬಯಸಿದರೆ ನಮ್ಮ ಮನೆಯಲ್ಲಿ ಆಗುವ ಮೊದಲ ಮಾತೇನು? ಹೊಟ್ಟೆಗೇನು ಮಾಡುತ್ತೀಯ ಎಂಬುದಲ್ಲವೇ? ಆ ಪ್ರಶ್ನೆಯಲ್ಲಿಯೇ ನಮ್ಮ ತಪ್ಪೊಪ್ಪಿಗೆಯಿದೆ.

ಸಂಬಳಕ್ಕಿಂತಲೂ ಹೆಚ್ಚು ನೋಯಿಸುವುದು ಅನಿಶ್ಚಿತತೆ. ಶಅಬಾನಿನ ಪರೀಕ್ಷೆ ಮುಗಿದು ರಮಝಾನ್ ಬರುತ್ತಿದ್ದಂತೆ ಎಷ್ಟೋ ಉಸ್ತಾದರ ಎದೆ ಬಡಿದುಕೊಳ್ಳುತ್ತದೆ. ಶವ್ವಾಲಿನಲ್ಲಿ ಮದ್ರಸ ತೆರೆಯುವಾಗ ತಾವು ಇರುತ್ತೇವೆಯೇ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಲಿಖಿತ ನೇಮಕಾತಿಯಿಲ್ಲ, ತೆಗೆದುಹಾಕಲು ಕಾರಣ ಹೇಳಬೇಕಾಗಿಲ್ಲ. ಕಮಿಟಿಯ ಒಬ್ಬ ಸದಸ್ಯರ ಮಗನಿಗೆ ಗದರಿಸಿದ್ದು ಸಾಕು. ಖುತ್‌ಬಾದಲ್ಲಿ ಬಡ್ಡಿಯ ಬಗ್ಗೆ ಹೇಳಿದ್ದು ಸಾಕು. ತನ್ನ ಅನ್ನ ಯಾರ ಕೈಯಲ್ಲಿದೆಯೋ ಅವರ ತಪ್ಪನ್ನು ತಿದ್ದುವುದು ಯಾರಿಂದ ಸಾಧ್ಯ? ಉಸ್ತಾದರ ಅನ್ನವನ್ನು ನಮ್ಮ ಮುಷ್ಟಿಯಲ್ಲಿಟ್ಟುಕೊಂಡು, ಆಲಿಮರು ಸತ್ಯ ಹೇಳುವುದಿಲ್ಲವೆಂದು ನಾವೇ ಗೊಣಗುತ್ತೇವೆ.

ಗುರುಋಣದ ಮಾತು ಮದ್ರಸದ ಗೋಡೆಯೊಳಗೆ ಮುಗಿಯುವುದೂ ಇಲ್ಲ. ಮನೆಯ ಜಗಲಿಯಲ್ಲಿ ಕುಳಿತು ನೆರೆಹೊರೆಯ ಹೆಣ್ಣುಮಕ್ಕಳಿಗೆ ಓದಲು ಕಲಿಸಿದ ಉಮ್ಮಂದಿರಿದ್ದಾರೆ. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಇಲ್ಲ. ನಾವು ಈ ಬರಹವನ್ನು ಬರೆಯುತ್ತಿರುವ ಕನ್ನಡ ಅಕ್ಷರಗಳನ್ನು ನಮಗೆ ತಿದ್ದಿಸಿದವರು ಸರಕಾರಿ ಶಾಲೆಯ ಒಬ್ಬ ಮೇಷ್ಟ್ರು. ಅವರು ಮುಸ್ಲಿಮರಲ್ಲ. ಮನೆಯಲ್ಲಿ ಬ್ಯಾರಿ ಮಾತನಾಡಿ ಬಂದ ನಮಗೆ ಒತ್ತಕ್ಷರ ತಪ್ಪಿದಾಗಲೆಲ್ಲ ನಗದೆ ಮತ್ತೆ ಬರೆಸಿದರು. ಬದ್ರ್ ಯುದ್ಧದ ಕೈದಿಗಳಲ್ಲಿ ಬಿಡುಗಡೆಯ ಹಣವಿಲ್ಲದೆ ಬರಹ ಬಲ್ಲವರಾಗಿದ್ದವರಿಗೆ, ಅನ್ಸಾರರ ಮಕ್ಕಳಿಗೆ ಬರಹ ಕಲಿಸುವುದನ್ನೇ ಪ್ರವಾದಿ(ಸ)ರು ಬಿಡುಗಡೆಯ ಮೌಲ್ಯವಾಗಿ ನಿಗದಿಪಡಿಸಿದ್ದರು. ಕತ್ತಿ ಹಿಡಿದು ಬಂದಿದ್ದ ವಿಗ್ರಹಾರಾಧಕರ ಕಲಿಸುವ ಕೆಲಸಕ್ಕೂ ಬೆಲೆ ಕಟ್ಟಿದ ಸಮುದಾಯ ನಮ್ಮದು. ಪ್ರೀತಿಯಿಂದ ಕಲಿಸಿದ ಮೇಷ್ಟ್ರುಗಳ ಋಣವನ್ನು ಒಪ್ಪಿಕೊಳ್ಳಲು ಅವರ ಧರ್ಮವನ್ನು ವಿಚಾರಿಸಬೇಕಾಗಿಲ್ಲ. ಸಪ್ಟೆಂಬರ್ 5ರಂದು ಒಂದು ಸಂದೇಶ ಕಳುಹಿಸಿದರೆ ಸಾಲದು. ಅವರ ಮನೆಯ ಮೆಟ್ಟಿಲು ಹತ್ತಿ, ಎದುರು ಕುಳಿತು, ನೀವು ಕಲಿಸಿದ್ದು ಉಳಿದಿದೆ ಎಂದು ಹೇಳಬೇಕು.

ಕೊನೆಗೆ, ಆರಂಭದಲ್ಲಿ ಹೇಳಿದ ಉಸ್ತಾದರ ಕಥೆಯನ್ನು ಮುಗಿಸಬೇಕು. ಬಾಕಿ ಸಂಬಳಕ್ಕಾಗಿ ಅವರು ಮತ್ತೆ ಕೇಳಲಿಲ್ಲ. ಒಂದು ಶವ್ವಾಲಿನಲ್ಲಿ ಅವರ ಜಾಗಕ್ಕೆ ಇನ್ನೂ ಕಡಿಮೆ ಸಂಬಳಕ್ಕೆ ಒಪ್ಪಿದ ಯುವಕರೊಬ್ಬರು ಬಂದರು. ಕೆಲವು ವರ್ಷಗಳ ನಂತರ ಉಸ್ತಾದರ ವಫಾತ್ ಸುದ್ದಿ ತಲುಪಿತು. ಜುಮಾದ ಬಳಿಕ ಗಾಯಿಬ್ ಜನಾಝ ನಮಾಝ್ ಮಾಡಿದೆವು, ದುಆದಲ್ಲಿ ಅತ್ತೆವು. ಜನಾಝದ ಮುಂದೆ ನಿಂತು, ಮೃತರು ಯಾರಿಗಾದರೂ ಏನಾದರೂ ಕೊಡಬೇಕಿದ್ದರೆ ಮನೆಯವರಿಗೆ ತಿಳಿಸಿರೆಂದು ಹೇಳುವ ರೂಢಿ ನಮ್ಮಲ್ಲಿದೆ. ಮೃತರಿಗೆ ನಾವೇನು ಕೊಡಬೇಕೆಂದು ಆ ದಿನ ಯಾರೂ ಕೇಳಲಿಲ್ಲ. ರಾತ್ರಿ ಹಳೆಯ ಲೆಕ್ಕದ ಪುಸ್ತಕ ತೆರೆದು ನೋಡಿದೆವು. ಎರಡು ತಿಂಗಳ ಬಾಕಿ ನಮ್ಮದೇ ಅಕ್ಷರದಲ್ಲಿ ಹಾಗೆಯೇ ಇತ್ತು.

ಅದನ್ನು ಅವರ ಪತ್ನಿಗೂ ಮಕ್ಕಳಿಗೂ ತಲುಪಿಸಿದೆವು. ಕಮಿಟಿಯಲ್ಲಿ ಒಬ್ಬರು ಅದನ್ನು ಸಹಾಯಧನವೆಂದು ಬರೆಯೋಣವೆಂದರು. ನಾವು ಒಪ್ಪಲಿಲ್ಲ. ಕೊಡದೆ ಉಳಿಸಿಕೊಂಡ ಕೂಲಿ ಸಾಲ. ಸಾಲ ಕೊಟ್ಟವರು ತೀರಿಕೊಂಡರೆ ಅದು ವಾರಸುದಾರರ ಹಕ್ಕು. ಅದಕ್ಕೆ ಸದಕ ಎಂದು ಹೆಸರಿಟ್ಟು ಪುಣ್ಯ ಕಮಾಯಿಸಲು ಬರುವುದಿಲ್ಲ.

ಆದುದರಿಂದ ಜಮಾಅತಿನ ಹೊಣೆ ಹೊತ್ತ ಸಹೋದರರಲ್ಲಿ ನಮ್ಮ ಬೇಡಿಕೆಗಳು ಇವು. ಉಸ್ತಾದರಿಗೆ ಲಿಖಿತ ನೇಮಕಾತಿ ಕೊಡಿರಿ. ಸಂಬಳವನ್ನು ತಿಂಗಳ ನಿಶ್ಚಿತ ದಿನಾಂಕದಂದು, ಬೇರೆ ಯಾವ ಬಿಲ್ಲಿಗಿಂತಲೂ ಮೊದಲು ಪಾವತಿಸಿರಿ. ರಮಝಾನಿನ ರಜೆಗೂ ಸಂಬಳವಿರಲಿ. ರಸೀದಿ ಪುಸ್ತಕವನ್ನು ಅವರ ಕೈಯಿಂದ ತೆಗೆದು ನೀವು ಹಿಡಿಯಿರಿ. ಸಂಸಾರದೊಂದಿಗೆ ಇರಬಹುದಾದ ಒಂದು ಮನೆ, ಮುಪ್ಪಿಗೆ ಒಂದು ನಿಧಿ, ತೆಗೆದುಹಾಕುವ ಮೊದಲು ಕಾರಣ ಮತ್ತು ಸಮಯ ಇವು ದಯೆಯಲ್ಲ. ಮತ್ತು ಇಂದೇ, ಈ ವಾರವೇ, ಹಳೆಯ ಲೆಕ್ಕದ ಪುಸ್ತಕಗಳನ್ನು ತೆರೆದು ನೋಡಿರಿ. ಬಾಕಿ ಇರುವ ಉಸ್ತಾದರು ಬದುಕಿರುವಾಗಲೇ ತಲುಪಿಸಿರಿ. ಆಮೇಲೆ ಬೇಕಿದ್ದರೆ ಶಾಲು ಹೊದಿಸಿರಿ.

ನಮಗೆ ಅಕ್ಷರ ಕಲಿಸಿದ ಎಲ್ಲರಿಗೂ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ. ಅವರ ಹಕ್ಕನ್ನು ಹಿಡಿದಿಟ್ಟುಕೊಂಡ ನಮ್ಮನ್ನು ಕ್ಷಮಿಸಲಿ, ಅದನ್ನು ಮರಳಿಸುವ ತೌಫೀಕ್ ನೀಡಲಿ. ಆಮೀನ್.